ಅತ್ತೆಯ ಗಂಟುಗಳ ಕೆಳಗೆ

ಅತ್ತೆ,

ಮೊಮ್ಮಗಳ ಕೋಣೆಯ ಗೋಡೆಗೆಂದು ನೀವು ದಾರಕ್ಕೆ ಗಂಟು ಹಾಕುತ್ತ ಹೆಣೆಯುತ್ತಿದ್ದ ಮ್ಯಾಕ್ರಮೆ ಅರ್ಧಕ್ಕೆ ನಿಂತಿತ್ತಲ್ಲ, ನೀವು ಹೋದ ಮೇಲೆ ಅದನ್ನು ಮುಟ್ಟಲು ನಮಗ್ಯಾರಿಗೂ ಧೈರ್ಯ ಬಂದಿರಲಿಲ್ಲ. ಇವತ್ತು ಅದು ಇಳಿಬಿದ್ದಿರುವ ಕೋಲನ್ನು ಕಿಟಕಿಯ ಸರಳಿಗೆ ಕಟ್ಟಿ ನಾನೇ ಕೂತೆ. ಬಿಚ್ಚಿಕೊಂಡೀತೆಂಬ ಭಯಕ್ಕೆ ಪ್ರತಿ ಗಂಟನ್ನೂ ಉಸಿರು ಬಿಗಿಹಿಡಿದು ಎಳೆದೆ.

ಮಗಳು ಬಂದು ನೋಡಿ ನಕ್ಕಳು. "ಅಮ್ಮಾ, ನಿನಗಿಲ್ಲದ ಸೊಂಟ ಇದಕ್ಕೆ ಬಂದುಬಿಟ್ಟಿದೆ!"

ನಿಜ. ನೇರವಾಗಿ ಇಳಿದಿದ್ದ ನಿಮ್ಮ ಅಂಚು, ನನ್ನ ಗಂಟು ಶುರುವಾದಲ್ಲಿ ಒಳಸರಿದಿತ್ತು. ನನ್ನದನ್ನೆಲ್ಲ ಬಿಚ್ಚಿ, ನಿಮ್ಮ ಗಂಟುಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಒಂದನ್ನೂ ನೀವು ಬಿಗಿದಿರಲಿಲ್ಲ. ದಾರ ತನ್ನ ಜಾಗಕ್ಕೆ ಬಂದ ಕೂಡಲೇ ಕೈಬಿಟ್ಟಿದ್ದಿರಿ, ಆದರೂ ಒಂದೂ ಸಡಿಲವಾಗಿರಲಿಲ್ಲ. ಎಂಥ ಕೈ ನಿಮ್ಮದು! "ಪುಸ್ತಕ ಆಮೇಲೆ ಓದೀಯಂತೆ, ಬಾರೇ ಇಲ್ಲಿ" ಎಂದು ನೀವು ನನ್ನನ್ನು ಕರೆಯುತ್ತಿದ್ದುದು ಇದನ್ನು ತೋರಿಸಲಿಕ್ಕೇ ಇರಬೇಕು.

ನಿಮ್ಮ ಹಾಗೇ ಹಾಕುತ್ತ ಹೋದೆ. ಅಂಚು ನೇರವಾಯಿತು. ಸಂಜೆ ಅದನ್ನು ಗೋಡೆಗೆ ತೂಗುಹಾಕಿದಾಗ ನಿಮ್ಮ ಮಗ ಅದರ ಮೇಲೆ ಮೆಲ್ಲಗೆ ಕೈಯಾಡಿಸಿ ಕೇಳಿದರು, "ಅಮ್ಮ ಎಲ್ಲೀವರೆಗೆ ಹಾಕಿದ್ಲು?"

ನಾನು ಹಾಕಿದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೀವರೆಗೂ" ಎಂದೆ.