ರಜಾ ಚೀಟಿಯೊಳಗೆ ಬಂದ ಅಮ್ಮ

೯ ಫೆಬ್ರುವರಿ, ರವಿವಾರ, ಮುಂಜಾನೆ

ಹುಣಸಗಿಯ ಅಕ್ಕ ಗೊಲ್ಲಾಳಮ್ಮಗ ತಮ್ಮ ಲಿಂಗಣ್ಣನ ನಮಸ್ಕಾರ. ನಿನ್ನ ಮೊಣಕಾಲು ಹೆಂಗದ? ಮರಿಲಿಂಗ ಮಾವನ ಕೆಮ್ಮು ಇಳೀತೇನು? ಎಮ್ಮಿ ಮೇವು ತಿನ್ನಾಕತ್ತದೇನು? ರಂಗಂಪೇಟ್ಯಾಗ ನಾವೆಲ್ಲ ಆರಾಮ...

ಇಷ್ಟು ಹಾಳಿಗೆ ಇಳಿಸೋದು. ಅಕ್ಕಗ ಫೋನಿನ್ಯಾಗ ಕೇಳಂಗಿಲ್ಲ, ಕಾಗದನೇ ಗತಿ. ಮೊದಲು ಡೈರಿಯೊಳಗ ಬರದು, ಒತ್ತು ತಿದ್ದಿ, ಆಮ್ಯಾಲ ಹಾಳಿ. ಸಾಲಿ ಕಲಿತವನಲ್ಲ ನಾನು. ನಮ್ಮ ಕಿರಾಣಿ ಅಂಗಡ್ಯಾಗ ಸಾಮಾನು ಕಟ್ಟೋ ರದ್ದಿ ಓದಿ ಕಲಿತೆ. ಹಿಂಗಾಗಿ ಎಷ್ಟೋ ಕಥಿ ಅರ್ಧ ಮಾತ್ರ ಗೊತ್ತು.

ಸುದ್ದಿ: ಮಗ ಅಂಬ್ರಪ್ಪಗ ಡಿಪೋದಾಗ ಲೀವ್ ಸಿಕ್ಕದ. ಗುರುವಾರದಿಂದ ರವಿವಾರ, ನಾಕು ದಿನ. ಕಂಡಕ್ಟರ್ ನೌಕರಿ — ಸಾಲಿಗೆ ಸೂಟಿ ಇದ್ದಾಗೆಲ್ಲ ಬಸ್ಸು ತುಂಬಿರತಾವ, ಅವಾಗ ಲೀವ್ ಕೊಡಂಗಿಲ್ಲ. ಹನ್ನೊಂದು ವರ್ಷದಾಗ ಇದೇ ಮೊದಲು. ಮುರುಡೇಶ್ವರಕ್ಕ ಎಲ್ಲರೂ. ಸಮುದ್ರ! ನನಗ ಅರವತ್ತೆಂಟು. ಕಂಡ ದೊಡ್ಡ ನೀರು ಅಂದ್ರ ಬೋನಾಳ ಕೆರಿ, ಕೃಷ್ಣಾ ಹೊಳಿ. ಸಮುದ್ರಕ್ಕ ಆಚಿ ದಂಡಿ ಕಾಣಂಗಿಲ್ಲಂತ. ಕಣ್ಣಿಲೆ ನೋಡದ ನಂಬಂಗಿಲ್ಲ.

ಒಂದೇ ತಕರಾರು. ಮೊಮ್ಮಕ್ಕಳ ಸಾಲಿ.

೧೦ ಫೆಬ್ರುವರಿ, ಸೋಮವಾರ, ಸಂಜೆ

ರಜಾ ಚೀಟಿ ಬರಿಯೋ ಕೆಲಸ ನನ್ನ ಪಾಲಿಗೆ ಬಂತು. ಏಳನೇ ಕ್ಲಾಸಿನ ಮಲ್ಲೇಶ್ವರಿ, ನಾಕನೇ ಕ್ಲಾಸಿನ ಬಸು. ಪರೀಕ್ಷಿ ಹತ್ರ ಬಂದಾವ. ತಿರುಗಾಡಾಕ ಅಂದ್ರ ಸಂಘಮಿತ್ರಾ ಟೀಚರ್ ಬಿಡಂಗಿಲ್ಲ. ಮದುವಿ ಅಂದ್ರ ಕಾರ್ಡ್ ಕೇಳ್ತಾರ. ಜ್ವರ ಅಂದ್ರ ಡಾಕ್ಟರ್ ಚೀಟಿ ಕೇಳ್ತಾರ. ಯಾರೋ ತೀರಿಕೊಂಡರು ಅನ್ನೋಣಂದ್ರ ಮನ್ಯಾಗ ಆ ವಯಸ್ಸಿನವ ನಾನೊಬ್ಬನೇ. ಪೆನ್ನು ಏಳಲಿಲ್ಲ.

ಕಡೀಕ ಹೊಳೀತು. ಬರದೆ — ‘ಇಬ್ಬರಿಗೂ ಮೈಮೇಲೆ ಅಮ್ಮ ಬಂದಿದ್ದಾಳೆ. ಗುಳ್ಳೆ ಎದ್ದಿವೆ. ಒಂದು ವಾರ ರಜಾ ಕೊಡಬೇಕು.’ ಸುರಪುರದಾಗ ಅಲ್ಲಲ್ಲಿ ಅದ ಅಂತ ಸುದ್ದಿನೂ ಅದ. ಅಮ್ಮ ಇದ್ದ ಮನಿಗೆ ಯಾರೂ ಬಂದು ನೋಡಂಗಿಲ್ಲ. ಗುರುವಾರವೇ ಬಂದಳು ಅಂದ್ರ ಸಂಶಯ. ನಾಳಿಂದನೇ ಬರಲಿ ಅಂತ ಎರಡು ದಿನ ಮುಂಚಿತ ಕರೆಸಿದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದೆ.

೧೧ ಫೆಬ್ರುವರಿ, ಮಂಗಳವಾರ

ಚೀಟಿ ಒಯ್ದಾಕಿ ಬಾಜು ಮನಿ ಗೌಹರಬೇಗಂಳ ಮೊಮ್ಮಗಳು. ದಾರ್ಯಾಗೇ ಬಿಚ್ಚಿ ಓದ್ಯಾಳ.

ಹತ್ತು ಗಂಟಿಗೆ ಗೌಹರಬೇಗಂ ತೆಕ್ಕಿ ತುಂಬ ಬೇವು ತಂದು ನಮ್ಮ ಬಾಗಿಲಿಗೆ ತಾನೇ ಕಟ್ಟಿದಳು. ಹೊಸ್ತಿಲ ಮ್ಯಾಲ ಮೊಸರಿನ ಗಡಿಗಿ ಇಟ್ಟಳು. ಮಧ್ಯಾಹ್ನದೊಳಗ ಓಣಿಗೆಲ್ಲ ಗೊತ್ತು. ಗಿರಾಕಿ ರಸ್ತಾದ ಆಚಿ ನಿಂತು ಉಪ್ಪು, ಸಾಬೂನು ಕೂಗಿ ಕೇಳ್ತಾರ, ನಾನು ಎಸಿಬೇಕು. ಎರಡು ಸಾಬೂನು ಗಟಾರ ಸೇರಿದವು.

ಸೊಸಿ ಸವಿತಾ ಮರತು ಬ್ಯಾಳಿಗೆ ಬೆಳ್ಳೊಳ್ಳಿ ಒಗ್ಗರಣಿ ಹಾಕಿದಳು. ಅಮ್ಮ ಇದ್ದಲ್ಲಿ ಒಗ್ಗರಣಿ ಚುರ್ ಅನ್ನಬಾರದು. ಗ್ವಾಡಿ ಆಚಿಂದ ಗೌಹರಬೇಗಂ ಬೈದದ್ದು ಅಂಗಡಿ ತನಕ ಕೇಳಿಸ್ತು. ಅಲ್ಲಿಂದ ಬರೇ ಮೊಸರನ್ನ. ಸವಿತಾ ಮೊದಲ ತಾಟು ನನಗೇ ಬಡಿಸಿದಳು.

ಓಣಿಯವರ ಕಣ್ಣಿಗೆ ಬೀಳಬಾರದಂತ ಬಸುನ್ನ ಮಾಳಗಿಯಿಂದ ಮೂರು ಸಲ ಇಳಿಸಿದೆ.

೧೨ ಫೆಬ್ರುವರಿ, ಬುಧವಾರ, ಸಂಜೆ

ಸಂಘಮಿತ್ರಾ ಟೀಚರ್ ಬಂದುಬಿಟ್ಟರು. ಕೈಯಾಗ ನೋಟ್ಸ್. ಓದೋದು ತಪ್ಪಬಾರದು ಅಂತ. ನಾನು ದೂರ ಇರ್ರಿ ಅಂದೆ. ತಮಗ ಸಣ್ಣಂದ್ರಾಗ ಒಮ್ಮೆ ಬಂದು ಹೋಗ್ಯಾಳ, ಒಮ್ಮೆ ಬಂದವರಿಗೆ ಮತ್ತ ಬರಂಗಿಲ್ಲ ಅಂತ ಒಳಗೇ ಬಂದು ಕುಂತರು.

ಅಷ್ಟರಾಗ ಬಸು ಓಡಿ ಬಂದ. ‘ಟೀಚರ್, ಸಮುದ್ರದ ನೀರು ಖರೇನೆ ಉಪ್ಪೇನ್ರಿ?’

ಅವನ ಮುಖ, ಕೈ, ಬೆನ್ನು ನೋಡಿದರು. ಆಮ್ಯಾಲ ಪರ್ಸಿನಿಂದ ನನ್ನ ಚೀಟಿ ತಗದು ಮುಂದ ಇಟ್ಟರು.

‘ಮುತ್ಯಾ, ಅಕ್ಷರ ಚೊಲೋ ಅದಾವ. ಇನ್ನೊಮ್ಮೆ ಬರೀರಿ.’

ಬರದೆ. ಸಮುದ್ರ ನೋಡಲಿಕ್ಕೆ, ಅಂತ. ಅಷ್ಟೇ. ಓದಿ, ರಜಾ ಕೊಟ್ಟೀನಿ ಅಂದರು. ಮೊದಲೇ ಹಿಂಗ ಬರದು ಕಳಿಸಿದ್ರೂ ಕೊಡ್ತಿದ್ದರಂತ. ಬಸು ಬಂದ ಮ್ಯಾಲ ಸಮುದ್ರದ ಬಗ್ಗೆ ಒಂದು ಪುಟ ಬರೀಬೇಕು. ಹೋಗೂ ಮುಂದ ಬಾಗಿಲಿನ ಬೇವು ತೋರಿಸಿ, ಇದಕ್ಕೇನು ಮಾಡ್ತೀರಿ ಅಂದರು.

ಗ್ವಾಡಿ ಹತ್ರ ಹೋಗಿ ಗೌಹರಬೇಗಂಗೂ ಖರೇ ಹೇಳಿದೆ. ಬೈಯಲಿಲ್ಲ. ಬೈದಿದ್ರ ಬೇಸಿತ್ತು.

‘ಎರಡು ದಿನ ನಮ್ಮ ಮನ್ಯಾಗ ಒಗ್ಗರಣಿ ಇಲ್ಲ, ಖಂಡ ಇಲ್ಲ. ಅಳಿಯ ಬಂದಾನ, ಅವನಿಗೂ ಮೊಸರನ್ನ ಹಾಕೀನಿ. ಯಾರ ಸಲುವಾಗಿ, ಲಿಂಗಣ್ಣ?’

ಹುಡುಗರನ್ನ ಕಳಸು ಅಂದಳು. ಬೇವು ಮಾತ್ರ ಬಿಚ್ಚಂಗಿಲ್ಲ. ಅಮ್ಮನ್ನ ಕರದವರು ಐದು ದಿನ ಸಪ್ಪಗ ಉಂಡು, ಎಡಿ ಕೊಟ್ಟು ಕಳಸಬೇಕು.

ಕರದವ ನಾನು.

೧೩ ಫೆಬ್ರುವರಿ, ಗುರುವಾರ, ಮುಂಜಾನೆ ೬

ಹೋದರು. ಅಂಬ್ರಪ್ಪ ಬಸ್ಸು ಹೊರಡೋ ತನಕ ವಾದ ಮಾಡಿದ. ಅಪ್ಪಾ, ನಿನ್ನ ಸಲುವಾಗೇ ಲೀವ್ ಹಾಕೀನಿ ಅಂದ. ಅವನ ಮುಖ ನೋಡಲಿಲ್ಲ ನಾನು. ಕಿಡಕಿ ಬಾಜು ಸೀಟು ನನ್ನದು. ಅಲ್ಲಿ ಈಗ ಚೀಲ ಕುಂತದ.

೧೪ ಫೆಬ್ರುವರಿ

ಮೊಸರನ್ನ. ಮಧ್ಯಾಹ್ನ ಬಸು ಫೋನ್ ಮಾಡಿದ — ಮುತ್ಯಾ, ಉಪ್ಪೇ ಅದ, ಎರಡು ಸಲ ಕುಡಿದು ನೋಡೀನಿ. ಮಲ್ಲೇಶ್ವರಿ ವಿಡಿಯೋ ಕಳಿಸ್ಯಾಳ. ಅಂಗೈಯಷ್ಟು ಸಮುದ್ರ. ದಂಡಿ ಕಾಣಲಿಲ್ಲ. ಫೋನು ಸಣ್ಣದು, ಹೆಂಗ ನಂಬೋದು... ನಾಕು ಸಲ ನೋಡಿದೆ.

೧೬ ಫೆಬ್ರುವರಿ, ರವಿವಾರ

ಅಕ್ಕ, ಹೋದ ವಾರದ ಕಾಗದ ಮುಟ್ಟಿರಬೇಕು. ಇದು ಅರ್ಜೆಂಟ್. ಮುಂಜಾನಿ ಹೊಟ್ಟಿ ಮ್ಯಾಲ ನಾಕು ಗುಳ್ಳಿ ಕಂಡವು. ಸೊಳ್ಳಿ ಅಂದೆ. ಈಗ ಬೆನ್ನಿಗೂ ಅದಾವ, ಮೈ ಬಿಸಿ ಅದ. ಗೌಹರಬೇಗಂ ಗ್ವಾಡಿ ಮ್ಯಾಲಿಂದ ನೋಡಿದಳು. ಹೊಸ ಬೇವು ತರಾಕ ಹೋಗ್ಯಾಳ.

ಸಣ್ಣವನಿದ್ದಾಗ ನನಗ ಅಮ್ಮ ಬಂದಿದ್ದಳೇನು? ಬಂದಿದ್ದಳು ಅಂದ್ರ ಇದು ಸೊಳ್ಳಿನೇ. ಅವ್ವ ಇಲ್ಲ, ಬಲ್ಲಾಕಿ ನೀನೊಬ್ಬಾಕಿ. ಹುಡುಗರು ರಾತ್ರಿ ಬಸ್ಸಿಗೆ ಹೊಂಟು ನಾಳೆ ಬರತಾರ. ಮನಿಯೊಳಗ ಕರಕೊಳ್ಳಲೋ, ನಿಮ್ಮ ಹುಣಸಗಿಗೆ ಕಳಸಲೋ? ಕಳಸಿದ್ರ ಸಾಲಿಗೆ ಮತ್ತ ಚೀಟಿ ಬರೀಬೇಕು. ಟೀಚರ್ ಈ ಸಲ ನಂಬ್ತಾರೇನು?

ಅಮ್ಮ ಬಂದಿದ್ದಳೋ ಇಲ್ಲೋ, ಅಷ್ಟು ಬರದ್ರ ಸಾಕು. ಹುಣಸಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡು. ಲಗೂನ ಬರಿ ಅಕ್ಕ, ಪೆನ್ನು ಹಿಡಿಯೋ ಬೆರಳಿಗೂ —