ಸೇರುವ ತಾರೀಖಿಗಾಗಿ ಬರೆದ ದೂರು

ಜೂನ್ 9, ಮಂಗಳವಾರ

ನನ್ನ ಮೊಂಡು ಮಗಳಿಗೆ,

ನೀನು ಚಿಕ್ಕಮ್ಮನ ಮನೆಗೆ ಹೋಗಿ ಹನ್ನೆರಡು ದಿನವಾಯಿತು. ಅಲ್ಲಿನ ಈಜುಕೊಳದಲ್ಲಿ ಈಗ ನಿಲ್ಲದೆ ಎಂಟು ಸುತ್ತು ಹೊಡೆಯುತ್ತೀಯಂತೆ. ಇಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ನೀನು ಅಭ್ಯಾಸಕ್ಕೆಂದು ಹಾಕಿಹೋದ ಗಂಟು ಬಿಚ್ಚಲಾಗದೆ ನಿನ್ನ ಅಮ್ಮ ಕೊನೆಗೆ ಕತ್ತರಿ ತಂದಳು. ಹಡಗು ಕಟ್ಟುವ ಗಂಟು ಟವೆಲ್ಲಿಗೆ ಯಾಕೆ ಎಂದು ಅವಳ ತಕರಾರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮುಂದಿನದನ್ನು ಹೇಳಲು ಹೊರಟರೆ ನೀನು ಅರ್ಧದಲ್ಲೇ ಫೋನಿಡುತ್ತೀಯ. ಇಲ್ಲಿಗೆ ಬಂದಿದ್ದ ಚಿಕ್ಕಪ್ಪ ಇವತ್ತು ಅಲ್ಲಿಗೆ ವಾಪಸಾಗುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ನೌಕಾಪಡೆಯವರು ನಿನ್ನ ಸಹಿ ಹಾಕಿಸಿಕೊಂಡು ಐದು ತಿಂಗಳಾಯಿತು. ತರಬೇತಿಗೆ ಯಾವತ್ತು ಬರಬೇಕು ಎಂಬ ಕಾಗದ ಮಾತ್ರ ಬರಲಿಲ್ಲ. ಈ ಐದು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂತಿಲ್ಲ. ನೀನು ಚೀಲ ತುಂಬಿದೆ, ಖಾಲಿ ಮಾಡಿದೆ, ಮತ್ತೆ ತುಂಬಿದೆ. ಹೊಸ ಬೂಟು ಮೆತ್ತಗಾಗಲೆಂದು ಮಹಡಿ ಮೆಟ್ಟಿಲು ಹತ್ತಿ ಇಳಿದು, ಕೆಳಮನೆಯವರು ಬಂದು ಏನಾದರೂ ರಿಪೇರಿ ನಡೀತಿದೆಯಾ ಎಂದು ಕೇಳುವಂತೆ ಮಾಡಿದೆ. ಬಚ್ಚಲುಮನೆಯ ಬಾಗಿಲಿಗೆ ನೀನು ಅಂಟಿಸಿದ ಹುದ್ದೆಗಳ ಪಟ್ಟಿ ಗಡ್ಡ ಹೆರೆಯುತ್ತಾ ನನಗೂ ಬಾಯಿಪಾಠವಾಯಿತು.

ನಾನು ಕೈಕಟ್ಟಿ ಕೂರುವ ಪೈಕಿಯಲ್ಲ. ಗ್ರಂಥಾಲಯದ ಓದುಕೋಣೆಯನ್ನು ಗೋದಾಮು ಮಾಡಿದಾಗ ಹನ್ನೊಂದು ಪತ್ರ ಬರೆದಿದ್ದೆ. ಶಾಲೆ ಮುಂದಿನ ಬಸ್ ನಿಲ್ದಾಣವನ್ನು ಎತ್ತಂಗಡಿ ಮಾಡಿದ ಅಧಿಕಾರಿಯ ಸಹಿ ಇಪ್ಪತ್ತು ವರ್ಷದ ಮೇಲೂ ಕಣ್ಣಿಗೆ ಕಟ್ಟಿದಂತಿದೆ. ಆ ಸಹಿಗೆ ಇಷ್ಟುದ್ದ ಬಾಲವಿತ್ತು. ಮಗಳು ನೌಕಾಪಡೆಗೆ ಸೇರುವುದು ತಡವಾದರೇನಂತೆ, ನೀವಂತೂ ದಿನಾ ಯುದ್ಧದಲ್ಲೇ ಇದ್ದೀರಲ್ಲ ಎಂದು ನಿನ್ನ ಅಮ್ಮ ಅಣಕಿಸುತ್ತಾಳೆ.

ಮೂರು ವಾರದ ಹಿಂದೆ, ನಿನಗೆ ಹೇಳದೆ, ನೇಮಕಾತಿ ಕಚೇರಿಗೂ ಒಂದು ದೂರು ಬರೆದೆ.

ಒಳ್ಳೆಯ ಪತ್ರವೇ ಅದು. ಎಳೆಯರನ್ನು ಆರಿಸಿಕೊಂಡು, ಬೇರೆ ಕೆಲಸಕ್ಕೂ ಹೋಗದಂತೆ ಕಟ್ಟಿಹಾಕಿ, ಆಮೇಲೆ ಮರೆತುಬಿಡುವುದು ಯಾವ ಸೀಮೆಯ ಶಿಸ್ತು ಎಂದು ಕೇಳಿದ್ದೆ. ನೌಕಾಪಡೆಗಳು ಬಿರುಗಾಳಿಗಿಂತ ಕಡತಗಳಲ್ಲೇ ಹೆಚ್ಚು ಮುಳುಗಿರಬೇಕು ಎಂದೂ ಚುಚ್ಚಿದ್ದೆ. ಕೊನೆಗೆ, ನೀವು ಕಾಯಿಸುತ್ತಿರುವುದು ಎಂಥವಳನ್ನು ಎಂದು ತಿಳಿಯಲಿ ಎಂಬ ಹೆಮ್ಮೆಗೆ, ಇನ್ನೊಂದು ವಾಕ್ಯ ಸೇರಿಸಿದೆ: ಏಳನೆಯ ವಯಸ್ಸಿನಲ್ಲಿ ಉಬ್ಬಸದಿಂದ ಮೂರು ಸಲ ಆಸ್ಪತ್ರೆ ಸೇರಿದ್ದ ಹುಡುಗಿ ಇವತ್ತು ಊರಿನ ಹುಡುಗರನ್ನೆಲ್ಲ ಓಟದಲ್ಲಿ ಹಿಂದೆ ಹಾಕುತ್ತಾಳೆ.

ಜೀವಮಾನದಲ್ಲಿ ನನ್ನ ಯಾವ ಪತ್ರಕ್ಕೂ ಇಷ್ಟು ಬೇಗ ಉತ್ತರ ಬಂದದ್ದಿಲ್ಲ. ಶನಿವಾರ ಬಂತು, ನಿನ್ನ ಹೆಸರಿಗೆ. ಒಡೆದು ಓದಿದೆ, ಅದೂ ತಪ್ಪೇ. ಅದರ ಸಾರ ಇಷ್ಟು: ಫಾರಂನಲ್ಲಿ ಉಸಿರಾಟದ ತೊಂದರೆ ಎಂದಾದರೂ ಇತ್ತೇ ಎಂಬ ಪ್ರಶ್ನೆಗೆ ನೀನು 'ಇಲ್ಲ' ಎಂದು ಗುರುತು ಹಾಕಿದ್ದೀಯ, ನಿನ್ನ ತಂದೆ ಬೇರೆಯೇ ಹೇಳುತ್ತಾರೆ. ಆದ್ದರಿಂದ ಇದೇ ಹದಿನೇಳಕ್ಕೆ ಹಳೆಯ ದಾಖಲೆಗಳ ಸಮೇತ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು. ಅವರು ತೀರ್ಮಾನಿಸುವ ತನಕ ನಿನ್ನ ನೇಮಕ ತಡೆಹಿಡಿಯಲಾಗಿದೆ. ಕಾಗದ ಇದರ ಜೊತೆಗಿದೆ.

ನಿನ್ನ ಅಮ್ಮನಿಗೆ ನಿನ್ನೆ ಹೇಳಿದೆ. ಅವಳು ಕೂಗಾಡಲಿಲ್ಲ. ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟು, "ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೂತು ಊರವರ ತಪ್ಪೆಲ್ಲ ತಿದ್ದಿದ್ರಿ. ಮಗಳ ಒಂದು 'ಇಲ್ಲ' ನಿಮ್ಮ ಕಣ್ಣಿಗೆ ಚುಚ್ಚಿತಾ?" ಅಂದಳು. ಅವತ್ತಿನಿಂದ, ಅಂದರೆ ನಿನ್ನೆಯಿಂದ, ನನ್ನ ಜೊತೆ ಮಾತಿಲ್ಲ.

ನಿನ್ನದೂ ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜನ್ಮವಿಡೀ ಬಂದುಹೋದ ಕಾಯಿಲೆಗಳ ವಿಷಯ ಕೇಳಿ, ಉತ್ತರಕ್ಕೆ 'ಹೌದು', 'ಇಲ್ಲ' ಎಂಬ ಎರಡೇ ಚೌಕ ಕೊಡುವ ಫಾರಂ ಬರೆದವನನ್ನು ಯಾರು ವಿಚಾರಿಸುತ್ತಾರೆ? ವಾಸಿಯಾಯಿತು ಎಂದು ಬರೆಯಲು ಅಲ್ಲಿ ಜಾಗ ಎಲ್ಲಿದೆ? ಒಂಬತ್ತು ತುಂಬಿದ ಮೇಲೆ ನಿನಗೆ ಒಮ್ಮೆಯೂ ಉಬ್ಬಸ ಬಂದಿಲ್ಲ. ಇನ್ನು ಔಷಧಿ ಬೇಡ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ನನ್ನ ಟ್ರಂಕಿನಲ್ಲಿತ್ತು, ಅದನ್ನೂ ಕಳಿಸುತ್ತಿದ್ದೇನೆ. ಮಂಡಳಿಯ ಮುಂದೆ ಸುತ್ತಿ ಬಳಸಬೇಡ. ಇತ್ತು, ವಾಸಿಯಾಯಿತು, ಹೆದರಿ ಬಚ್ಚಿಟ್ಟೆ ಎಂದು ಹೇಳು. ಅವರು ಬೇಡವೆಂದರೆ ಅನ್ನುವ ಮಾತು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಬಾ ಎಂದರೆ ಬಂದು ಸಾಕ್ಷಿ ಹೇಳುತ್ತೇನೆ. ಬರಬೇಡ ಎಂದರೆ ಅದೂ ನ್ಯಾಯವೇ.

ಪತ್ರ ಬರೆಯುವ ಚಟದ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಹೆಮ್ಮೆಗೆ ಬರೆದೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಫಾರಂ ತುಂಬಿದ ದಿನ ನೀನು ಅದನ್ನು ಊಟದ ಮೇಜಿನ ಮೇಲೆ ಬಿಟ್ಟು ಓಡಲು ಹೋಗಿದ್ದೆ. ಕಣ್ಣಿಗೆ ಬಿದ್ದ ಕಾಗದವನ್ನು ಓದದೆ ಬಿಟ್ಟು ನನಗೆ ಗೊತ್ತಿಲ್ಲ, ನಿನ್ನ ಆ 'ಇಲ್ಲ' ಅವತ್ತೇ ನೋಡಿದ್ದೆ. ದೂರಿನ ಕರಡಿನಲ್ಲಿ ಆ ಉಬ್ಬಸದ ವಾಕ್ಯ ಬರೆದು, ಹೊಡೆದುಹಾಕಿದ್ದೆ. ಶುದ್ಧಪ್ರತಿ ಮಾಡುವಾಗ, ಎಲ್ಲ ತಿಳಿದೂ, ಮತ್ತೆ ಸೇರಿಸಿದೆ. ಕರಡು ಇದರೊಳಗೇ ಇಟ್ಟಿದ್ದೇನೆ, ನೋಡು. ಹೋಗಬೇಡ ಎಂದು ನಿನ್ನೆದುರು ಹೇಳಲು ಒಂದು ದಿನವೂ ಬಾಯಿ ಬರಲಿಲ್ಲ. ಅದನ್ನೇ ಅವರಿಗೆ ಬರೆದುಬಿಟ್ಟೆ.