ಗೂಡಿನ ಚೀಟಿ ಕೆರೆಸಿದ ಅಧಿಕಾರಿಗಳಿಗೆ

ಮಾನ್ಯ ವಿಭಾಗೀಯ ಅಂಚೆ ಅಧಿಕಾರಿಗಳೇ,

ತಾವು ಕಳುಹಿಸಿದ ಕಾರಣ ಕೇಳುವ ನೋಟಿಸು ನಿನ್ನೆ ನನ್ನ ಕೈ ಸೇರಿತು. ಸರಿಯಾದ ವಿಳಾಸಕ್ಕೆ, ಸರಿಯಾದ ಕೈಗೆ, ಬರೆದ ದಿನವೇ ಸೇರಿತು. ಊರಿನ ಟಪಾಲೆಲ್ಲ ಹೀಗೇ ಸೇರುವಂತಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ನಮ್ಮ ಕಚೇರಿಯ ತಪ್ಪಿನಿಂದ ಒಬ್ಬ ಹೆಂಗಸಿಗೆ ಕಣ್ಣಿನ ಆಪರೇಷನ್ನಿನ ದಿನ ಕೈತಪ್ಪಿದೆ. ಕಚೇರಿ ಎರಡು ಸಾಲು ಬರೆದುಕೊಟ್ಟರೆ ಅದು ಸರಿಹೋಗುತ್ತದೆ. ಆ ಎರಡು ಸಾಲು ಬರೆಯಲು ಪುರುಸೊತ್ತಿಲ್ಲದ ಕಚೇರಿಗೆ ನನ್ನ ಮೇಲೆ ಎರಡು ಪುಟದ ನೋಟಿಸು ಬರೆಯಲು ಮಾತ್ರ ಪುರುಸೊತ್ತು ಸಿಕ್ಕಿದೆ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಅದರ ಕಥೆ.

ನಾನು ಮನೆಮನೆಗೆ ಟಪಾಲು ಹಂಚುವವಳಾಗಿ ಎಂಟನೇ ಬೀಟಿಗೆ ಸೇರಿದ್ದು ಈ ತಿಂಗಳ ಎರಡನೇ ತಾರೀಖು. ಅದಕ್ಕೆ ಮೊದಲು ಮೂರು ದಿನ ತರಬೇತಿ ಆಯಿತು. ಮೂರೂ ದಿನ ಫ್ಯಾನಿನ ಕೆಳಗೆ ಕೂರಿಸಿ, ಕೈಯಲ್ಲಿ ಹಿಡಿಯುವ ಆ ಯಂತ್ರದ ಗುಂಡಿಗಳನ್ನು ಪರಿಚಯ ಮಾಡಿಸಿದರು. ಹಸಿರು ಗುಂಡಿ ಒತ್ತಿದರೆ ವಿತರಣೆ ಯಶಸ್ವಿ, ಕೆಂಪು ಒತ್ತಿದರೆ ಬಾಗಿಲು ಬೀಗ. ಬೀದಿಯ ಪರಿಚಯಕ್ಕೆ ಅರ್ಧ ದಿನ ಇಟ್ಟಿದ್ದರು. ಅವತ್ತು ಮಳೆ ಬಂದದ್ದರಿಂದ ಅದನ್ನೂ ಫ್ಯಾನಿನ ಕೆಳಗೇ ಮುಗಿಸಿದರು. ಹೀಗೆ ಸಂಪೂರ್ಣ ತಯಾರಾಗಿ, ಇನ್ನೂರ ಹನ್ನೆರಡು ಮನೆಗಳ ಚೀಲ ಹೆಗಲಿಗೇರಿಸಿಕೊಂಡು ನಾನು ಬೀದಿಗಿಳಿದೆ.

ಮೊದಲ ವಾರದ ಪಾಡು ಹೇಳಿಕೊಂಡು ತಮ್ಮ ಕರುಣೆ ಬೇಡುವುದಿಲ್ಲ. ಆದರೂ ತಮಗೆ ತಿಳಿದಿರಲಿ. ಮೊದಲ ದಿನ ನೂರೈದು ಮನೆ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಎರಡನೇ ದಿನ ಹದಿನೇಳನೇ ಮನೆಯ ನಾಯಿ ನನ್ನ ಕಾಲಿಗೆ ಬುದ್ಧಿ ಕಲಿಸಿತು. ಅದು ಬೊಗಳುವುದಿಲ್ಲ, ನೇರ ಕೆಲಸಕ್ಕೇ ಬರುತ್ತದೆ. ತಮ್ಮ ಇಲಾಖೆಯಲ್ಲಿ ಅಂಥ ಚುರುಕು ನಾನು ಬೇರೆಲ್ಲೂ ಕಂಡಿಲ್ಲ. ಮೂರನೇ ದಿನ ಎರಡೂ ಹಿಮ್ಮಡಿ ಒಡೆದವು. ಸಂಜೆ ಮನೆಗೆ ಹೋಗಿ ಬಕೆಟಿನ ಬಿಸಿನೀರಿಗೆ ಕಾಲಿಟ್ಟು ಕೂತರೆ, ದರ್ಜಿ ಕೆಲಸ ಮಾಡುವ ನಮ್ಮ ಮನೆಯವರು ಎದುರಿಗೆ ನಿಂತು, "ಏನೇ, ಸರ್ಕಾರ ಕಾಲಿಗೂ ಸಂಬಳ ಕೊಡುತ್ತಾ, ಬರೀ ಕೈಗಷ್ಟೇನಾ?" ಎಂದು ನಗುತ್ತಿದ್ದರು. ನಾನು ಬಕೆಟಿನಿಂದಲೇ ನೀರೆರಚುತ್ತಿದ್ದೆ. ಇದೆಲ್ಲ ಇರುವುದೇ. ಹೊಸ ಕೆಲಸ ಯಾರನ್ನೂ ಮೊದಲ ದಿನವೇ ಮುದ್ದು ಮಾಡುವುದಿಲ್ಲ.

ನಾನು ಹೇಳಬೇಕಾದದ್ದು ಗೂಡಿನ ವಿಷಯ. ಬೆಳಿಗ್ಗೆ ಟಪಾಲು ಬಂದೊಡನೆ ನಾವು ಅದನ್ನು ಮರದ ಗೂಡುಗಳಿಗೆ ವಿಂಗಡಿಸುತ್ತೇವೆ. ಒಂದೊಂದು ಮನೆಗೆ ಒಂದೊಂದು ಗೂಡು. ನನ್ನ ಬೀಟಿನ ಗೂಡುಗಳ ಮೇಲೆ ಹೊಳೆಯುವ ಮುದ್ರಿತ ಸಂಖ್ಯೆಗಳಿದ್ದವು. ಆದರೆ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅಂಟು ಕೆರೆದ ಕಲೆ, ಚಾಕುವಿನ ಗೀರು. ಪಕ್ಕದ ಬೀಟಿನ ಅಕ್ಕನನ್ನು ಕೇಳಿದೆ.

"ಅಲ್ಲಿ ಉದ್ದಣ್ಣನ ಚೀಟಿಗಳಿದ್ದವು," ಎಂದಳು ಅಕ್ಕ. "ಮೂವತ್ತೊಂದು ವರ್ಷ ಆ ಬೀಟು ನಡೆದ ಮನುಷ್ಯ. ಯಾವ ಮನೇಲಿ ಏನು, ಎತ್ತ, ಎಲ್ಲ ಚೀಟಿ ಬರೆದು ಅಂಟಿಸಿದ್ದ. ಅವನು ನಿವೃತ್ತಿ ಆದ ಮಾರನೇ ದಿನ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ನೋಡಿ, ಇದೇನು ಕಚೇರಿನೋ ಕಿರಾಣಿ ಅಂಗಡಿನೋ, ಕೆರೀರಿ ಅಂದರು. ಕೆರೆದ್ವಿ."

"ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲವಾ ಅಕ್ಕ?"

"ಕೆರೀರಿ ಅಂದ್ರು, ಬರ್ಕೊಳ್ಳಿ ಅನ್ನಲಿಲ್ಲ."

ಮಾನ್ಯರೇ, ಆ ದೊಡ್ಡ ಸಾಹೇಬರು ತಾವೇ. ಮೂವತ್ತೊಂದು ವರ್ಷದ ನಡಿಗೆಯನ್ನು ಒಂದು ಮಧ್ಯಾಹ್ನದಲ್ಲಿ ಚಾಕುವಿನಿಂದ ಕೆರೆಸಿ, ಗೋಡೆ ಚೆನ್ನಾಗಿ ಕಾಣುವಂತೆ ಮಾಡಿದ್ದೀರಿ. ಗೋಡೆ ನಿಜಕ್ಕೂ ಚೆನ್ನಾಗಿದೆ. ಟಪಾಲು ಹಾಕುವುದು ಗೋಡೆಗಲ್ಲ, ಮನೆಗಳಿಗೆ ಎಂಬುದೊಂದೇ ತೊಡಕು.

ನನ್ನ ಬೀಟಿನಲ್ಲಿ ನಲವತ್ತೊಂದನೇ ನಂಬರಿನ ಮನೆಯಿದೆ. ಬೀದಿಗೆ ಒಂದು ಬಾಗಿಲು, ಬಾಗಿಲಿಗೊಂದು ತಗಡಿನ ಡಬ್ಬಿ. ಒಂಬತ್ತನೇ ತಾರೀಖು ಅಲ್ಲಿಗೊಂದು ದಪ್ಪ ಲಕೋಟೆ ಬಂತು. ನಂಬರು ನೋಡಿದೆ, ಡಬ್ಬಿಗೆ ಹಾಕಿದೆ, ಹಸಿರು ಗುಂಡಿ ಒತ್ತಿದೆ. ವಿತರಣೆ ಯಶಸ್ವಿ. ಮುಂದೆಯೂ ಆ ನಂಬರಿಗೆ ಬಂದದ್ದನ್ನೆಲ್ಲ ಆ ಡಬ್ಬಿಗೇ ಹಾಕಿದೆ. ಬಾಗಿಲ ಬಳಿ ಮೇಜು ಹಾಕಿಕೊಂಡು ಗಡಿಯಾರ ರಿಪೇರಿ ಮಾಡುವ ಹಿರಿಯರು ದಿನವೂ ತಲೆಯೆತ್ತಿ ನಗುತ್ತಿದ್ದರು. "ಬಿಸಿಲು ಜೋರಾಗಿದೆ, ನೆರಳಲ್ಲಿ ಹೋಗಮ್ಮ" ಎನ್ನುತ್ತಿದ್ದರು. ಇಡೀ ಬೀದಿಯಲ್ಲಿ ನನಗೆ ಅಷ್ಟು ಹಿತವಾದ ಬಾಗಿಲು ಇನ್ನೊಂದಿರಲಿಲ್ಲ.

ಇಪ್ಪತ್ತನಾಲ್ಕನೇ ತಾರೀಖು ಆ ಮೇಜಿನ ಮೂಲೆಯಲ್ಲಿ, ಇಕ್ಕುಳದ ಭಾರ ಹೇರಿದ ಕಾಗದದ ಕಟ್ಟೊಂದು ನನ್ನ ಕಣ್ಣಿಗೆ ಬಿತ್ತು. ಎಲ್ಲವೂ ನಾನೇ ಹಾಕಿದವು. ಒಂದನ್ನೂ ಒಡೆದಿರಲಿಲ್ಲ.

"ಇವು ಯಾರದು ಯಜಮಾನರೇ?"

"ಆ ಕಡೆಯವರದು."

"ಯಾವ ಕಡೆ?"

ಅವರು ತಲೆಯೆತ್ತದೆ ಸ್ಕ್ರೂ ಡ್ರೈವರಿನಿಂದ ಗೋಡೆ ತೋರಿಸಿದರು. "ಅದರಾಚೆ. ನನ್ನ ತಮ್ಮ. ಮನೆ ಪಾಲಾದಾಗ ನಂಬರು ಪಾಲಾಗಲಿಲ್ಲ. ಅವನ ಬಾಗಿಲು ಪಕ್ಕದ ಓಣೀಲಿದೆ."

"ಮತ್ತೆ ಅವರಿಗೆ ಕೊಡಲಿಲ್ಲವಾ?"

"ನಾವು ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತಮ್ಮ."

"ಮಾತಾಡೋದು ಬೇಡವಾಗಿತ್ತು. ಸುಮ್ಮನೆ ಕೈಗೆ ಕೊಟ್ಟಿದ್ದರೆ ಸಾಕಿತ್ತು."

"ಕೊಟ್ಟರೆ ಅವನು ಇದೇನು ಅಂತಾನೆ. ಆಗ ಮಾತಾಡಬೇಕಾಗುತ್ತಲ್ಲ?"

"ನನಗಾದರೂ ಒಂದು ಮಾತು ಹೇಳಬಹುದಿತ್ತು!"

ಆಗ ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ನನ್ನ ಮುಖ ನೋಡಿದರು. "ಹೊಸಬಳು, ಪಾಪ, ದಿನಾ ಕುಂಟಿಕೊಂಡು ಬರ್ತೀಯ. ತಪ್ಪು ಎತ್ತಿ ತೋರಿಸಿದರೆ ನೊಂದ್ಕೋತೀಯ ಅಂತ ಸುಮ್ಮನಿದ್ದೆ. ಉದ್ದಣ್ಣನಿಗೆ ಗೊತ್ತಿತ್ತು, ನಿನಗೂ ತಾನಾಗೇ ಗೊತ್ತಾಗುತ್ತೆ ಅಂದ್ಕೊಂಡೆ. ಒಂದನ್ನೂ ತಿರುಗಿಸಿ ನೋಡಿಲ್ಲ ನೋಡು, ಎಲ್ಲ ಹಾಗೇ ಇವೆ."

ಅವರನ್ನು ಏನೆಂದು ಬೈಯಲಿ? ಹನ್ನೊಂದು ಕಾಗದಗಳನ್ನು ಎತ್ತಿಕೊಂಡು ಪಕ್ಕದ ಓಣಿಗೆ ತಿರುಗಿದೆ. ನೋಟಿಸಿನಲ್ಲಿ ತಾವು "ವಿತರಿಸಿದ ಟಪಾಲನ್ನು ಅಕ್ರಮವಾಗಿ ಮರಳಿ ಪಡೆದ ಕೃತ್ಯ" ಎಂದು ಕರೆದಿರುವುದು ಇದನ್ನೇ. ಓಣಿಯಲ್ಲಿ ಡಬ್ಬಿಯಿಲ್ಲ, ಕಿಟಕಿಯಿದೆ. ಕಿಟಕಿಯ ಪಕ್ಕ ಕೂತು ಒಬ್ಬಾಕೆ ಹರಿದ ಕೋಟಿಗೆ ರಫು ಹಾಕುತ್ತಿದ್ದರು. ಬಡಗಿ ಕೆಲಸದ ತಮ್ಮನ ಹೆಂಡತಿ. ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಎಡಗಣ್ಣು ಚಿಕ್ಕಂದಿನಿಂದಲೇ ಕಾಣದು, ಈಗ ಬಲಗಣ್ಣಿಗೂ ಪೊರೆ ಬಂದಿದೆ ಎಂದು ಆಮೇಲೆ ತಿಳಿಯಿತು. ಕಾಗದಗಳನ್ನು ಕೊಟ್ಟೆ. ಆಕೆ ಒಂದೊಂದನ್ನೇ ಬೆರಳಿನಿಂದ ಸವರಿ, ದಪ್ಪ ಲಕೋಟೆಯೊಂದನ್ನು ನನ್ನ ಕೈಗೇ ವಾಪಸು ಇಟ್ಟರು.

"ಇದು ಆಸ್ಪತ್ರೆಯದಿರಬೇಕು, ಸ್ವಲ್ಪ ಓದಮ್ಮ. ಎಂಟು ತಿಂಗಳಿಂದ ಕಾಯ್ತಿದೀನಿ."

ಓದಿದೆ. ಬಲಗಣ್ಣಿನ ಆಪರೇಷನ್ನಿಗೆ ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಬರಬೇಕು. ತಪ್ಪಿದರೆ ಹೆಸರು ಸಾಲಿನ ಕೊನೆಗೆ ಹೋಗುತ್ತದೆ.

ಆಕೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. "ಇವತ್ತು ಎಷ್ಟಮ್ಮ?"

"ಇಪ್ಪತ್ತನಾಲ್ಕು."

ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಸೂಜಿಯನ್ನು ಕೋಟಿನ ತೋಳಿಗೆ ಚುಚ್ಚಿಟ್ಟು, "ಹೋಗಲಿ ಬಿಡು. ಬಿಸಿಲಲ್ಲಿ ಬಂದಿದೀಯ, ನೀರು ಕುಡೀತೀಯಾ?" ಎಂದರು. ಕುಡಿದೆ. ಅಷ್ಟರಲ್ಲಿ ನನ್ನ ಸೊಂಟದ ಯಂತ್ರ ಕೀರಲು ದನಿ ತೆಗೆಯಿತು: ತಾವು ಒಂದೇ ಸ್ಥಳದಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ನಿಂತಿದ್ದೀರಿ.

ಹೌದು ಮಾನ್ಯರೇ, ನಿಂತಿದ್ದೆ. ಐವತ್ತಾರು ನಿಮಿಷ ನಿಂತಿದ್ದೆ. ಆಕೆಯ ಗಂಡ ಕೆಲಸದಿಂದ ಬರುವವರೆಗೆ ನಿಂತು, ಆದದ್ದನ್ನು ನನ್ನ ಬಾಯಿಂದಲೇ ಹೇಳಿ ಬಂದೆ. ನನ್ನ ಚೀಲದ ಕಾಗದವೊಂದು ಒಬ್ಬರ ಕಣ್ಣಿನ ಮೇಲೆ ಬಿದ್ದಿರುವಾಗ ಎರಡು ನಿಮಿಷದಲ್ಲಿ ಹೇಗೆ ಮುಂದೆ ಹೋಗಬೇಕು ಎಂಬುದಕ್ಕೆ ತಮ್ಮ ಯಂತ್ರದಲ್ಲಿ ಗುಂಡಿ ಇದ್ದರೆ ತೋರಿಸಿ, ಒತ್ತಿಕೊಳ್ಳುತ್ತೇನೆ.

ಅಂದು ಸಂಜೆ ಉದ್ದಣ್ಣನ ಮನೆ ಹುಡುಕಿಕೊಂಡು ಹೋದೆ. ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಹೊರಬಂದವರು, ನಾನು ನಲವತ್ತೊಂದು ಎಂದೊಡನೆ ಚೀಟಿಯನ್ನು ಬಾಯಿಪಾಠ ಒಪ್ಪಿಸಿದರು: "ಡಬ್ಬಿ ಅಣ್ಣನದು, ಓಣಿ ಕಿಟಕಿ ತಮ್ಮನದು. ಕಲಸಬೇಡ." ಹದಿನೇಳು? "ಬೊಗಳೋದಿಲ್ಲ, ಕಚ್ಚುತ್ತೆ." ಇಪ್ಪತ್ತಾರು? "ಅಜ್ಜನಿಗೆ ಕಿವಿ ಕೇಳಲ್ಲ, ಕಿಟಕೀಲಿ ಕೈ ಆಡಿಸು." ಹೀಗೆ ಇನ್ನೂರ ಹನ್ನೆರಡು ಮನೆ. ಕಣ್ಣಲ್ಲಿ ನೀರು ಬಂತು ನನಗೆ. ನಗುವಿಗೋ ಸಿಟ್ಟಿಗೋ ಗೊತ್ತಿಲ್ಲ. "ಹದಿನೈದು ದಿನ ನಿನ್ನ ಜೊತೆ ನಡೀತೀನಿ ಅಂತ ಬರೆದುಕೊಟ್ಟಿದ್ದೆ ತಾಯಿ, ಸಂಬಳ ಬೇಡ ಅಂದಿದ್ದೆ," ಎಂದರು. "ನಿವೃತ್ತರು ಹೊರಗಿನವರು, ಟಪಾಲಿನ ಹತ್ತಿರ ಬರಕೂಡದು ಅಂತ ಉತ್ತರ ಬಂತು." ಆ ಉತ್ತರದ ಕೆಳಗಿನ ಸಹಿಯೂ ತಮ್ಮದೇ.

ಮಾರನೇ ದಿನ ಕೆಲಸಕ್ಕೆ ಮೊದಲು ಬಡಗಿಯವರ ಜೊತೆ ಆಸ್ಪತ್ರೆಯ ಕೌಂಟರಿಗೆ ಹೋದೆ. ಗುಮಾಸ್ತರು ಮನುಷ್ಯರಂತೆಯೇ ಮಾತಾಡಿದರು. "ಕಾಗದ ತಡವಾಗಿದ್ದು ತಮ್ಮ ತಪ್ಪಿನಿಂದ ಅಂತ ಅಂಚೆ ಕಚೇರಿಯವರು ಬರೆದು ಕೊಡಲಿ. ಮೂವತ್ತನೇ ತಾರೀಖಿನೊಳಗೆ ಕೊಟ್ಟರೆ ಮುಂದಿನ ತಿಂಗಳ ಪಟ್ಟೀಲಿ ಸೇರಿಸ್ತೀವಿ. ಇಲ್ಲಾಂದ್ರೆ ಹೊಸದಾಗಿ ಸಾಲು. ಒಂಬತ್ತು ತಿಂಗಳು."

ಹಾರಿಕೊಂಡು ಕಚೇರಿಗೆ ಬಂದು ಮೇಲ್ವಿಚಾರಕರ ಮುಂದೆ ನಿಂತೆ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. "ನಲವತ್ತೊಂದು, ಒಂಬತ್ತನೇ ತಾರೀಖು, ಹನ್ನೊಂದು ಹನ್ನೆರಡಕ್ಕೆ ವಿತರಣೆ ಯಶಸ್ವಿ ಅಂತ ಇದೆಯಲ್ಲಮ್ಮ. ಯಶಸ್ವಿ ಆಗಿದ್ದಕ್ಕೆ ತಪ್ಪೊಪ್ಪಿಗೆ ಹೇಗೆ ಬರೆಯೋಣ?" ಮಾನ್ಯರೇ, ತಮ್ಮನ್ನು ಕೇಳಿ ಹೇಳುತ್ತೇನೆ ಎಂದರು. ಕೇಳಿದರು. ತಮ್ಮ ಉತ್ತರವಾಗಿ ನನಗೆ ನೋಟಿಸು ಬಂತು.

ಈಗ ತಮ್ಮ ಪ್ರಶ್ನೆಗೆ ಕಾರಣ ಹೇಳುತ್ತೇನೆ. ತಪ್ಪು ನನ್ನದು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಒಂದೇ ನಂಬರಿನ ಮನೆಯಲ್ಲಿ ಎರಡು ಒಲೆ ಇರಬಹುದೆಂದು ನಾನು ವಿಚಾರಿಸಬೇಕಿತ್ತು. ಹಳ್ಳಿಯಲ್ಲಿ ಬೆಳೆದವಳಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಿರಲಿಲ್ಲ. ಆದರೆ ಬೀದಿಯನ್ನು ಬಲ್ಲ ಚೀಟಿಯನ್ನು ಕೆರೆಸಿದವರು, ಬೀದಿಯನ್ನು ಬಲ್ಲ ಮನುಷ್ಯನನ್ನು ಹೊರಗಿಟ್ಟವರು, ಬೀದಿಯನ್ನೇ ಅರಿಯದವಳಿಗೆ ನಿಲ್ಲಬೇಡ, ಕೇಳಬೇಡ, ಓಡು ಎಂದವರು, ಇವರೆಲ್ಲ ಕಾರಣ ಹೇಳುವುದು ಯಾರಿಗೆ? ಅವರಿಗೆ ನೋಟಿಸು ಹಂಚುವ ಬೀಟು ಯಾವುದು? ನಾನೇ ಹೋಗಿ ಕೊಟ್ಟು ಬರುತ್ತೇನೆ.

ಇದನ್ನೆಲ್ಲ ಬರೆಯಲೇ ಎಂದು ರಫು ಹಾಕುವ ಆ ಅಕ್ಕನನ್ನು ಕೇಳಿದೆ. "ಬರಿ. ಆದರೆ ನಮ್ಮ ಭಾವನನ್ನ ಬೈಬೇಡ. ಒಳ್ಳೆಯವರು, ಹಟ ಜಾಸ್ತಿ ಅಷ್ಟೇ," ಎಂದರು. ಅದಕ್ಕೇ ಅವರನ್ನು ಬೈದಿಲ್ಲ. ಸಿಟ್ಟೆಲ್ಲ ತಮಗೇ ಉಳಿಸಿಕೊಂಡಿದ್ದೇನೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಉದ್ದಣ್ಣ ಹದಿನೈದು ದಿನ ನನ್ನೊಡನೆ ನಡೆಯಲು ಅಪ್ಪಣೆ ಕೊಡಿ. ಅವರು ಹೇಳಿದ್ದನ್ನು ಚೀಟಿ ಬರೆದು ಗೂಡಿಗೆ ಅಂಟಿಸುತ್ತೇನೆ. ತಪಾಸಣೆಯ ದಿನ ಬೇಕಾದರೆ ಮೇಲೊಂದು ಬಟ್ಟೆ ಇಳಿಬಿಡುತ್ತೇನೆ, ನಮ್ಮ ಮನೆಯವರು ಚಂದವಾಗಿ ಹೊಲಿದುಕೊಡುತ್ತಾರೆ. ಆದರೆ ಅದೆಲ್ಲ ಮುಂದಿನ ಮಾತು. ಇವತ್ತು ಇಪ್ಪತ್ತೇಳು. ಆಸ್ಪತ್ರೆಗೆ ಆ ಎರಡು ಸಾಲು ಮೊದಲು ಬರೆಯಿರಿ. "ಕಾಗದ ತಡವಾದದ್ದು ನಮ್ಮ ತಪ್ಪು" ಎಂದು ಬರೆದರೆ ಇಲಾಖೆ ಮುಳುಗುವುದಿಲ್ಲ. ಬರೆಯದಿದ್ದರೆ ಒಬ್ಬಾಕೆ ಒಂಬತ್ತು ತಿಂಗಳು ಮಂಜಿನೊಳಗೆ ಕೂತು ಸೂಜಿಗೆ ದಾರ ಪೋಣಿಸಬೇಕು. ಅಷ್ಟರೊಳಗೆ ಆ ಕೆಲಸವೂ ಕೈಬಿಡುತ್ತದೆ.

ಇಪ್ಪತ್ತೊಂಬತ್ತರ ಸಂಜೆ ಕಚೇರಿ ಮುಚ್ಚುವವರೆಗೆ ಕಾಯುತ್ತೇನೆ. ಬರದಿದ್ದರೆ, ಮೂವತ್ತರ ಬೆಳಿಗ್ಗೆ ನಾನೇ ಒಂದು ಹಾಳೆಯಲ್ಲಿ ಆದದ್ದನ್ನು ಬರೆದು, ನನ್ನ ಹೆಸರು, ಬೀಟಿನ ಸಂಖ್ಯೆ ಹಾಕಿ, ಆ ಕೌಂಟರಿಗೆ ಕೊಡುತ್ತೇನೆ. ಅನುಮತಿಯಿಲ್ಲದೆ ಹಾಗೆ ಬರೆದರೆ ಕೆಲಸ ಹೋಗುತ್ತದೆ ಎಂದು ಮೇಲ್ವಿಚಾರಕರು ಎಚ್ಚರಿಸಿದ್ದಾರೆ. ಕಾಯಂ ಆಗದವಳನ್ನು ಕಳಿಸಲು ನೋಟಿಸೂ ಬೇಕಿಲ್ಲವಂತೆ. ಇರಲಿ. ನನಗಿರುವ ಚಿಂತೆ ಬೇರೆ. ನನ್ನ ಹಾಳೆಯ ಮೇಲೆ ಕಚೇರಿಯ ಸೀಲು ಇರುವುದಿಲ್ಲ. ಗುಮಾಸ್ತರು ಸೀಲೆಲ್ಲಿ ಎಂದು ಖಂಡಿತ ಕೇಳುತ್ತಾರೆ. ಆಗ ಜೊತೆಗೆ ಇಡಲು, ನಾಲ್ಕು ಜನ ಓದಿದ ಅಚ್ಚಿನ ಕಾಗದವೊಂದು ಬೇಕು. ಅದಕ್ಕಾಗಿಯೇ ಮಾನ್ಯರೇ, ತಮಗೆ ಲಕೋಟೆಯಲ್ಲಿ ಹಾಕಿ ಕಳಿಸಬೇಕಾದ ಉತ್ತರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಇಂತಿ,
ಇನ್ನೂ ಕಾಯಂ ಆಗದ, ಇನ್ನು ಆಗುವ ಲಕ್ಷಣವೂ ಕಾಣದ
ಎಂಟನೇ ಬೀಟಿನ ಅಂಚೆಯವಳು